ಹೂ ಬಿಟ್ಟ ಹುರುಳಿ ಕೊಯ್ದ ವರ್ಷ

ನಿಂತ ರಾಗಿಯ ನಡುವೆ ನಾನು ಹುರುಳಿ ಚೆಲ್ಲುತ್ತಿರುವುದನ್ನು ಕಂಡು ಬದುವಿನ ಮೇಲೆ ಹೋಗುತ್ತಿದ್ದವರೆಲ್ಲ ಒಂದು ಗಳಿಗೆ ನಿಂತು ನೋಡಿ ಹೋದರು. ಕೊಯ್ಲಿಗೆ ಬಂದ ಹೊಲದಲ್ಲಿ ಬಿತ್ತನೆ ಮಾಡುವವಳು ಅಂದರೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲ ಗದ್ದೆ ಸೀಮೆಯಿಂದ ಬಂದಿರಬೇಕು. ನಾನು ಎರಡನೆಯ ಪೈಕಿ. ಮೊದಲನೆಯದೂ ಸ್ವಲ್ಪ ಇದೆ ಅನ್ನುವುದು ನಮ್ಮ ಯಜಮಾನರ ಮಾತು.

ನನ್ನ ತವರು ಮಿರ್ಲೆ ಕಡೆ, ನಾಲೆ ನೀರಿನ ಭತ್ತದ ಗದ್ದೆಗಳ ಊರು. ಅಲ್ಲಿ ಭತ್ತ ಕೊಯ್ಯುವುದಕ್ಕೆ ಮೊದಲೇ, ಕೆಸರು ಇನ್ನೂ ಕಾಲಿಗೆ ಮೆತ್ತುವಾಗಲೇ, ಪೈರಿನ ನಡುವೆ ಉದ್ದು, ಅಲಸಂದೆ ಎರಚಿಬಿಡುತ್ತಾರೆ. ಭತ್ತ ಮನೆಗೆ ಬಂದ ಮೇಲೆ ಗದ್ದೆಯಲ್ಲಿ ಉಳಿದ ತೇವದಲ್ಲೇ ಅದು ಹುಟ್ಟಿ ಹಬ್ಬುತ್ತದೆ. ಉಳುವುದಿಲ್ಲ, ನೀರು ಕಟ್ಟುವುದಿಲ್ಲ. ನನ್ನನ್ನು ಕೊಟ್ಟ ಊರು ಹನಗೋಡಿನ ಆಚೆ. ಇಲ್ಲಿನದು ದಿಣ್ಣೆ ಮೇಲಿನ ಕೆಂಪು ನೆಲ. ಕೆಳಗೆ ಲಕ್ಷ್ಮಣತೀರ್ಥ ಹರಿಯುವುದು ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಮಾತ್ರ ಹತ್ತುವುದಿಲ್ಲ. ಮಳೆ ಬಂದರೆ ಬೆಳೆ, ಬರದಿದ್ದರೆ ಮುಗಿಲು ನೋಡಿಕೊಂಡು ಕೂರುವುದು.

ನಮ್ಮದು ಎರಡು ಎಕರೆ. ನಡುವೆ ಒಂದು ಬದು, ಎರಡು ಕಡೆಗೂ ಒಂದೇ ಇಳಿಜಾರು. ಮನೆಯ ವರ್ಷದ ಮುದ್ದೆಗೆ ರಾಗಿ ಬರುವುದು ಅಲ್ಲಿಂದಲೇ. ಹೊಲ ನೋಡಿಕೊಳ್ಳುವವರು ನಮ್ಮ ಯಜಮಾನರ ಅಣ್ಣ, ನನ್ನ ಭಾವ. ಅವರಿಗೆ ಈಗ ಎರಡು ಮಂಡಿಯೂ ನೋವು. ನೇಗಿಲ ಹಿಂದೆ ಒಂದು ಸುತ್ತು ಹೋಗಿ ಬಂದರೆ ಬದುವಿನ ಮೇಲೆ ಕೂತು ಉಸ್ಸೆನ್ನುತ್ತಾರೆ. ನಮ್ಮ ಯಜಮಾನರು ಕಾಫಿ ಕೊಯ್ಲಿನ ಕಾಲಕ್ಕೆ ಕೊಡಗಿನ ತೋಟಕ್ಕೆ ಟ್ರ್ಯಾಕ್ಟರ್ ಓಡಿಸಲು ಹೋದರೆ ಮತ್ತೆ ಊರು ಕಾಣುವುದು ಯುಗಾದಿ ಹತ್ತಿರಕ್ಕೆ. ಹೀಗಿರುವಾಗ ಕೇರಳದ ಶುಂಠಿ ಗುತ್ತಿಗೆದಾರರೊಬ್ಬರು ನಮ್ಮ ಪಕ್ಕದ ಹೊಲಗಳನ್ನು ಹಿಡಿದಿದ್ದರು. ನಮ್ಮ ಎರಡೆಕರೆಯನ್ನೂ ಸೇರಿಸಿಕೊಂಡರೆ ಒಂದೇ ಪೈಪಿನಲ್ಲಿ ನೀರು ಹಾಯಿಸಬಹುದು ಎಂದು ಭಾವನ ಬಳಿ ಮಾತಾಡಿ ಹೋಗಿದ್ದರು. ಭಾವನ ಮನಸ್ಸು ಆಗಲೇ ಅರ್ಧ ಆ ಕಡೆ ವಾಲಿತ್ತು.

“ಈ ನೆಲ ನೀರು ಇಡ್ಕಳಕ್ಕಿಲ್ಲ ಕಣವ್ವ. ಮಳೆ ಒಂದಪ ತಪ್ಪುದ್ರೆ ರಾಗಿ ಸೊರಗೋಯ್ತದೆ. ನಂಗೂ ಮಂಡಿ ಬರಾಕಿಲ್ಲ. ಸುಂಟಿಯೋರ್ಗೆ ಕೊಟ್ಬುಟ್ಟು ಸುಮ್ಕಿರಾನ,” ಅಂದರು.

ಶುಂಠಿಯವರ ಮೇಲೆ ನನಗೇನೂ ಹಗೆಯಿಲ್ಲ. ಅವರೂ ದುಡಿದು ತಿನ್ನುವವರೇ. ಆದರೆ ಪೂರ್ವದ ಕಡೆಯ ಹೊಲವನ್ನು ಅವರು ಅಗೆದು, ಏರಿ ಹಾಕಿ, ಬೆಳೆದು, ಬಿಟ್ಟು ಹೋದ ಮೇಲೆ ಅಲ್ಲಿ ಬಿತ್ತಿದ ರಾಗಿ ಮೊಣಕಾಲುದ್ದ ಬಂದು ನಿಂತದ್ದನ್ನು ನಾನು ದಿನಾ ನೋಡುತ್ತಿದ್ದೆ. ಆ ಮನೆಯವರು ಈಗ ಸೊಸೈಟಿ ರಾಗಿ ತಿನ್ನುತ್ತಾರೆ. ನಮಗೂ ಅದೇ ಗತಿ ಬರುವುದು ಬೇಡ ಅಂತ ಭಾವನಿಗೆ ಮುಖಕ್ಕೇ ಹೇಳಿದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೇಳುವಾಗ ದನಿ ಸ್ವಲ್ಪ ಏರಿಯೇ ಇತ್ತು. ನೆಲ ನೀರು ಹಿಡಿಯದೇ ಇರುವುದು ನೆಲದ ತಪ್ಪಲ್ಲ, ಚಳಿಗಾಲ ಪೂರ್ತಿ ಅದನ್ನು ಬೆತ್ತಲೆ ಬಿಡುತ್ತೀವಲ್ಲ, ನಮ್ಮ ತಪ್ಪು ಅಂದೆ. ಹುರುಳಿ ಹಬ್ಬಿಸಿದರೆ ನೆಲ ಮುಚ್ಚುತ್ತದೆ, ಬಿಸಿಲು ತಾಗದ ನೆಲ ಆರುವುದಿಲ್ಲ, ಮೇಲೆ ಕಾಳೂ ಸಿಗುತ್ತದೆ. ಇಷ್ಟೇ ಆಗ ನನ್ನ ಲೆಕ್ಕ.

ಭಾವ ಒಂದು ಕರಾರು ಹಾಕಿದರು.

“ಬದುವಿಂದ ಈಚೆ ನೀನು ಏನಾರ ಮಾಡ್ಕೊ. ಆಚೆ ನಾನು ಮಾಗಿ ಉಳುಮೆ ಮಾಡ್ತೀನಿ. ಯುಗಾದಿ ಕಳುದ್ಮೇಲೆ ಎಲ್ಡೂ ಕಡೆ ಅಗ್ದು ನೋಡಾನ. ನಿನ್ ಕಡೆ ತ್ಯಾವ ಜಾಸ್ತಿ ಇದ್ರೆ ರಾಗಿ. ಇಲ್ದಿದ್ರೆ ಎಲ್ಡೂನೂ ಸುಂಟಿಗೆ. ಆಮೇಲೆ ರಾಗ ಎಳೀಬಾರ್ದು.”

ಮಾಗಿ ಉಳುಮೆ ಅಂದರೆ ಕೊಯ್ಲಾದ ಮೇಲೆ ಚಳಿಯಲ್ಲೇ ಹೊಲ ಉತ್ತು ಮಣ್ಣು ಮಗುಚಿ ಬಿಡುವುದು. ಕಳೆಯ ಬೇರು, ಹುಳುವಿನ ಮೊಟ್ಟೆ ಬಿಸಿಲಿಗೆ ಸಾಯುತ್ತವೆ, ಮೊದಲ ಮಳೆ ಒಳಗೆ ಇಳಿಯುತ್ತದೆ. ಈ ಸೀಮೆಯ ರೈತರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು, ಸುಳ್ಳಲ್ಲ. ನಾನು ಅದರ ಎದುರು ಪಂಥ ಕಟ್ಟಿದ್ದೆ.

ಆ ಪಂಥ ಮೊದಲ ವಾರದಲ್ಲೇ ಮಣ್ಣು ಮುಕ್ಕಿತು. ಗದ್ದೆಯಲ್ಲಿ ಎರಚಿದ ಕಾಳು ಕೆಸರಿಗೆ ಬಿದ್ದು ಅರ್ಧ ಹೂತುಕೊಳ್ಳುತ್ತದೆ. ಇಲ್ಲಿ ಕೆಂಪು ಮಣ್ಣಿನ ಮೇಲೆ ಹಪ್ಪಳದಂಥ ಹೆಪ್ಪು. ಕಾಳು ಅದರ ಮೇಲೆ ಹಾಗೇ ಕೂತಿತು. ಇರುವೆ ಸಾಲುಗಟ್ಟಿ ಹೊತ್ತುಕೊಂಡು ಹೋದವು, ಬೆಳವಕ್ಕಿ ಇಳಿದವು, ಕಾಡಂಚಿನಿಂದ ನವಿಲುಗಳು ಸಂಸಾರ ಸಮೇತ ಊಟಕ್ಕೆ ಬಂದವು. ತವರಿನ ಬುದ್ಧಿಯನ್ನು ಹಾಗೇ ತಂದು ಇಲ್ಲಿ ಸುರಿದರೆ ಇನ್ನೇನಾಗುತ್ತದೆ? ಊರಿಗೊಂದು ದಾರಿ ಆದರೆ ಎಡವಟ್ಟನಿಗೊಂದು ದಾರಿ ಅಂತ ಊರಿನವರು ಆಡಿಕೊಂಡರು. ಭಾವ ಮಾತ್ರ ಏನೂ ಆಡಲಿಲ್ಲ. ಆಡಿದ್ದರೇ ವಾಸಿಯಿತ್ತು, ಜಗಳವಾದರೂ ಆಡಬಹುದಿತ್ತು.

ರಾಗಿ ಕೊಯ್ದೆವು. ಕೊಯ್ದ ರಾಗಿ ಹೊಲದಲ್ಲೇ ಒಣಗಲು ಹರವಿದ್ದಾಗ ಎಲ್ಲೋ ಸಮುದ್ರದಲ್ಲಿ ಎದ್ದ ಗಾಳಿಯ ದೆಸೆಯಿಂದ ಮೋಡ ಕವಿದು ಜಡಿ ಹಿಡಿಯಿತು. ತೆನೆ ಮೊಳೆತು ಹೋದೀತೆಂದು ಊರೆಲ್ಲ ಆ ಮೋಡಕ್ಕೆ ಶಾಪ ಹಾಕುತ್ತಿತ್ತು. ನಾನೂ ಸೆರಗು ಕಟ್ಟಿಕೊಂಡು ರಾಗಿ ಎತ್ತಿ ಗುಪ್ಪೆ ಹಾಕಿದೆ, ಟಾರ್ಪಾಲು ಮುಚ್ಚಿದೆ, ಬಾಯಲ್ಲಿ ಎಲ್ಲರ ಜೊತೆ ಬೈದೆ. ಒಳಗೆ ಮಾತ್ರ ಕುಣಿಯುವಷ್ಟು ಖುಷಿ. ಮಳೆ ನಿಂತ ಮರು ಬೆಳಿಗ್ಗೆ ಉಳಿದ ಹುರುಳಿಯನ್ನೆಲ್ಲ ತಂದು ಕೊಯ್ದು ಉಳಿದ ಕೂಳೆಯ ನಡುವೆ ಎರಚಿ, ಜಾಲಿಯ ಮುಳ್ಳುಕೊಂಬೆಗೆ ಕಲ್ಲು ಹೇರಿ, ಒಂದೇ ಎತ್ತಿಗೆ ಕಟ್ಟಿ ಹೊಲದ ತುಂಬ ಎಳೆಸಿದೆ. ಮುಳ್ಳು ಮಣ್ಣನ್ನು ಕೆದರಿತು, ಕಾಳು ಮುಚ್ಚಿಕೊಂಡಿತು. ಈ ಸಲ ನವಿಲುಗಳು ಬಂದು ಸುತ್ತು ಹಾಕಿ, ಉಪವಾಸ ಹೋದವು.

ಹುರುಳಿ ಹುಟ್ಟಿತು. ಚಳಿ ಬಿದ್ದ ಹಾಗೆ ಇಬ್ಬನಿಯನ್ನೇ ನಂಬಿಕೊಂಡು ಬೆಳೆಯಿತು. ಬೆಳಿಗ್ಗೆ ಹೊಲಕ್ಕೆ ಇಳಿದರೆ ಸೀರೆಯಂಚು ಮೊಣಕಾಲವರೆಗೆ ತೊಯ್ಯುತ್ತಿತ್ತು. ಬದುವಿನ ಆಚೆ ಭಾವನ ಭಾಗ ಉತ್ತ ಹೆಂಟೆಗಳಲ್ಲಿ ಕೆಂಪಗೆ, ಈಚೆ ನನ್ನದು ಹಸಿರು. ನೋಡಿ ನೋಡಿ ನನಗೇ ಜಂಬ ಬಂತು.

ಸಂಕ್ರಾಂತಿ ಕಳೆಯಿತು. ಈ ಕಡೆ ಸಂಕ್ರಾಂತಿ ಕಳೆದ ಮೇಲೆ ಹೊಲ ಯಾರ ಹೆಸರಿನಲ್ಲಿದ್ದರೂ ಮೇವು ಊರಿನದು. ದನ, ಕುರಿ ಯಾರ ಕೂಳೆ ಹೊಲಕ್ಕಾದರೂ ನುಗ್ಗಬಹುದು, ಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ. ನಾನು ಮುಳ್ಳುಬೇಲಿ ಹಾಕಿದ ದಿನವೇ ನಮ್ಮೂರ ಕುರಿಯವರು ಮನೆ ಬಾಗಿಲಿಗೆ ಬಂದರು. ವರ್ಷ ವರ್ಷವೂ ನಮ್ಮ ಹೊಲದಲ್ಲಿ ಕುರಿಮಂದೆ ತಂಗಿಸಿ ಗೊಬ್ಬರ ಕೊಟ್ಟು ಹೋಗುವ ಹಿರಿಯರು. ದನಿ ಎತ್ತಲಿಲ್ಲ, ಆದರೆ ನೊಂದಿದ್ದರು. ಈ ಊರಲ್ಲಿ ಮೂಕಪ್ರಾಣಿಗೆ ಬೇಲಿ ಹಾಕಿದ ಮನೆ ಇದುವರೆಗೆ ಇರಲಿಲ್ಲ ಎಂದರು. ನನಗೆ ಮುಖ ಎತ್ತಲಾಗಲಿಲ್ಲ. ಆದರೂ ಪಟ್ಟು ಬಿಡದೆ, ಕುಳಿತು ಮಾತಾಡಿಸಿ ನೋಡಿದರೆ ಅವರಿಗೆ ನನ್ನ ಹುರುಳಿಗಿಂತ ಕಟ್ಟೆಗೆ ಹೋಗುವ ದಾರಿ ಮುಖ್ಯವಾಗಿತ್ತು. ಕುರಿ ನೀರಿಗೆ ಇಳಿಯುವುದೇ ನಮ್ಮ ಹೊಲ ಹಾಯ್ದು. ಬೇಲಿ ಬಂದದ್ದರಿಂದ ಬಿಸಿಲಲ್ಲಿ ಊರು ಸುತ್ತಬೇಕಾಗಿತ್ತು. ಬದುವಿನ ಪಕ್ಕ ಮಂದೆ ಹಾಯುವಷ್ಟು ಪಟ್ಟಿ ಬಿಟ್ಟು ಬೇಲಿಯನ್ನು ಒಳಕ್ಕೆ ಸರಿಸಿದೆ. ಅಷ್ಟು ಹುರುಳಿ ಹೋಯಿತು. ಹೋಗಲಿ. ಮಂದೆಯನ್ನು ಆ ಸಲ ಭಾವನ ಕಡೆ ತಂಗಿಸಿದರು. ಇದರಿಂದ ಆ ಕಡೆಗೆ ಗೊಬ್ಬರ, ಈ ಕಡೆಗೆ ಬರೀ ಕಾವಲು ಎಂದಾಯಿತು. ಪಂಥದಲ್ಲಿ ನಾನೇ ಎದುರಾಳಿಯ ಕೈ ಹಿಡಿದು ಮೇಲೆತ್ತಿದ್ದೆ.

ಮಣ್ಣು ಅಗೆದು ನೋಡುವ ಕೆಲಸ ಶುರು ಮಾಡಿದ್ದು ಆಗ. ಹಾರೆಯಿಂದ ಎರಡು ಕಡೆಯೂ ಒಂದೊಂದು ಗುಂಡಿ, ಒಂದು ಮೊಳ ಆಳ. ಮೊದಲು ಮೇಲಿನ ಮಣ್ಣು, ಆಮೇಲೆ ಗೇಣು ಆಳದ್ದು, ಕೊನೆಗೆ ತಳದ್ದು ಕೈಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡುವುದು. ಉಂಡೆ ನಿಂತು, ಬೆರಳಿನಿಂದ ಒತ್ತಿದರೆ ಒಡೆಯದೆ ತಗ್ಗಿದರೆ ತೇವ ಚೆನ್ನಾಗಿದೆ. ಉಂಡೆ ಕಟ್ಟಿಯೂ ಒತ್ತಿದಾಗ ಉದುರಿದರೆ ಸುಮಾರು. ಉಂಡೆಯೇ ಆಗದೆ ಬೆರಳ ಸಂದಿಯಲ್ಲಿ ಸುರಿದರೆ ಮುಗಿಯಿತು. ಇದಕ್ಕೆ ಯಂತ್ರ ಬೇಡ, ಮುದ್ದೆ ಕಟ್ಟುವ ಕೈ ಸಾಕು.

ಮೊದಲ ಸಲ ಅಗೆದಾಗ ನನ್ನದೇ ಮೇಲುಗೈ. ಎಲೆಯ ಕೆಳಗೆ ಮಣ್ಣು ತಣ್ಣಗಿತ್ತು, ಎರೆಹುಳು ಹಿಕ್ಕೆ ಹಾಕಿತ್ತು. ಭಾವನ ಕಡೆ ಮೇಲಿನ ಹೆಂಟೆ ಇಟ್ಟಿಗೆಯಾಗಿತ್ತು. ಹಿಗ್ಗಿಬಿಟ್ಟೆ. ಶಿವರಾತ್ರಿಗೆ ಮುಂಚೆ ಮತ್ತೆ ಅಗೆದೆ. ಮೇಲೆ ಆಗಲೂ ತಣ್ಣಗಿತ್ತು. ಗೇಣು ಆಳದಲ್ಲಿ ಮಣ್ಣು ಉದುರುತ್ತಿತ್ತು. ಮೊಳ ಆಳಕ್ಕೆ ಕೈ ಹಾಕಿದರೆ ಬೆರಳ ಸಂದಿಯಲ್ಲಿ ಸುರಿದೇ ಹೋಯಿತು. ನಂಬಲಾಗದೆ ಇನ್ನೆರಡು ಕಡೆ ಅಗೆದೆ, ಅಲ್ಲೂ ಹಾಗೇ. ಬದು ದಾಟಿ ಭಾವನ ಕಡೆ ಅಗೆದೆ. ಮೇಲೆ ಇಟ್ಟಿಗೆ, ಆದರೆ ಮೊಳ ಆಳದ ಮಣ್ಣು ಉಂಡೆ ಕಟ್ಟಿತು.

ಗುಂಡಿಯ ಪಕ್ಕದಲ್ಲಿ ಹಾಗೇ ಕೂತೆ. ನಾನು ನೆಲಕ್ಕೆ ಹೊದಿಕೆ ಹಾಕಿದ್ದೇನೆ ಎಂದುಕೊಂಡಿದ್ದೆ. ಹೊದಿಕೆಗೂ ಬಾಯಿದೆ, ಅದು ಕೆಳಗಿನ ನೀರನ್ನೆಲ್ಲ ಹೀರುತ್ತಿದೆ ಎಂಬುದು ತಲೆಗೇ ಹೊಳೆದಿರಲಿಲ್ಲ. ತವರಿನ ಗದ್ದೆಯಲ್ಲಿ ಕೆಳಗೆ ಎಷ್ಟು ಕುಡಿದರೂ ಮುಗಿಯದ ನೀರು. ಇಲ್ಲಿ ಇದ್ದದ್ದೇ ಅಷ್ಟು. ಹುರುಳಿ ಆಗಷ್ಟೇ ಹೂ ಬಿಡುತ್ತಿತ್ತು. ಇನ್ನು ಕಾಯಿ ಕಟ್ಟಿ ಬಲಿಯುವವರೆಗೆ ಬಿಟ್ಟರೆ ಉಳಿದದ್ದನ್ನೂ ಕುಡಿದು ಮುಗಿಸುತ್ತದೆ. ಯುಗಾದಿಗೆ ನನ್ನ ಕಡೆ ಬೂದಿಯಂಥ ಮಣ್ಣು, ಭಾವನ ಕಡೆ ತೇವ. ಶುಂಠಿ ಗ್ಯಾರಂಟಿ. ಉಳಿದದ್ದು ಒಂದೇ ದಾರಿ. ಈಗಲೇ, ಹೂವಿನಲ್ಲೇ ಕೊಯ್ದು, ಇದ್ದ ಜಾಗದಲ್ಲೇ ನೆಲಕ್ಕೆ ಹಾಸಿಬಿಡುವುದು. ಬೇರು ಕುಡಿಯುವುದು ನಿಲ್ಲುತ್ತದೆ, ಸೊಪ್ಪು ನೆಲದ ಮೇಲೆ ಉಳಿಯುತ್ತದೆ.

ಹೇಳುವುದು ಸುಲಭ. ಹೂ ಬಿಟ್ಟ ಬೆಳೆಗೆ ಕುಡುಗೋಲು ಹಾಕುವುದು ನಮ್ಮಲ್ಲಿ ಬಸುರಿಯ ಮೇಲೆ ಕೈ ಮಾಡಿದಷ್ಟೇ ಪಾಪ. ನಾಲ್ಕು ದಿನ ಹೊಲಕ್ಕೆ ಹೋಗುವುದು, ಹೂ ನೋಡುವುದು, ಬರುವುದು, ಇದೇ ಆಯಿತು. ಇನ್ನೊಂದು ಸ್ವಲ್ಪ ದಿನ ಬಿಟ್ಟರೆ ಎಳೆಕಾಯಿ, ಮತ್ತೊಂದು ಸ್ವಲ್ಪ ದಿನಕ್ಕೆ ಕಾಳು, ಬಸ್ಸಾರು, ಮೊಳಕೆ ಹುಳಿ ಎಂದು ನಾಲಿಗೆ ಒಂದು ಕಡೆ ಎಳೆಯುತ್ತಿತ್ತು. ತೋಟದಿಂದ ಫೋನು ಮಾಡಿದ ಯಜಮಾನರಿಗೆ ಹೇಳಿದೆ. ಅವರು ಅಣ್ಣನನ್ನು ಒಂದು ಮಾತು ಕೇಳು ಅಂದರು. ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಎಂದು ಗೊತ್ತಿದ್ದೂ ಯಾಕೆ ಕೇಳಲಿ?

ಮುಯ್ಯಾಳು ಕರೆದೆ. ನಮ್ಮ ಕಡೆ ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಹೆಂಗಸರು ಕೂಲಿಯಿಲ್ಲದೆ ಒಬ್ಬರಿಗೊಬ್ಬರು ಆಗುತ್ತಾರೆ. ಆರು ಜನ ಬಂದರು. ಹುರುಳಿ ಕೀಳುವುದು ಅಂದುಕೊಂಡು ಬಂದವರು ಹೊಲ ನೋಡಿ ಕುಡುಗೋಲನ್ನು ಸೊಂಟದಿಂದ ತೆಗೆಯಲೇ ಇಲ್ಲ. ನಾನು ಗುಂಡಿ ತೋರಿಸಿದೆ, ಮಣ್ಣು ಸುರಿಸಿ ತೋರಿಸಿದೆ. ತಲೆಯಾಡಿಸಿದರು, ಬದುವಿನ ಮೇಲೆ ಸಾಲಾಗಿ ಕೂತರು. ಅವರಲ್ಲಿ ಹಿರಿಯಳು ಮೇಲಿನ ಮನೆ ಅಕ್ಕ. ನನ್ನ ಬಾಣಂತನದಲ್ಲಿ ನೀರು ಹಾಕಿದವಳು, ನನಗೆ ಬೈಯುವ ಅಧಿಕಾರ ಇರುವವಳು.

“ನಿನ್ ಲೆಕ್ಕ ಸರಿ ಇರ್ಬೋದು ಕಣವ್ವ,” ಅಂದಳು. “ಆದ್ರೆ ಹೂವ ಬುಟ್ಟಿರೋದ್ನ ಕುಯ್ಯಕ್ಕೆ ನನ್ ಕೈ ಬರಾಕಿಲ್ಲ. ನೀನೇ ಮೊದ್ಲು ಹಾಕು. ಪಾಪ ಪುಣ್ಯ ಹೊಲ್ದೋಳ್ದು.”

ಹಾಕಿದೆ. ಪೂರ್ವದ ಮೂಲೆಯಲ್ಲಿ ಕೂತು ಒಂದು ಹಿಡಿ ಹಿಡಿದು ಬುಡಕ್ಕೆ ಕುಡುಗೋಲು ಎಳೆದೆ. ತಿಳಿ ಹಳದಿ ಹೂ ಕೈತುಂಬ. ಜೇನುನೊಣವೊಂದು ಬಿಡದೆ ಅದರ ಸುತ್ತಲೇ ಗುಂಯ್ ಅನ್ನುತ್ತಿತ್ತು. ಕೈಗೆ ಬಂದ ತುತ್ತನ್ನು ಯಾರೋ ಕಿತ್ತುಕೊಂಡರೆ ಅಳಬಹುದು, ನಾನೇ ಕಿತ್ತು ನೆಲಕ್ಕೆ ಹಾಕುತ್ತಿದ್ದೇನಲ್ಲ ಎಂದು ಅಳು ಬಂದೇ ಬಂತು. ಮರೆಮಾಚಲಿಲ್ಲ. ಅಳುತ್ತಲೇ ಒಂದು ಸಾಲು ಮುಗಿಸಿದೆ. ಎರಡನೆಯ ಸಾಲಿಗೆ ತಿರುಗುವಾಗ ಪಕ್ಕದಲ್ಲಿ ಇನ್ನೊಂದು ಕುಡುಗೋಲಿನ ಸದ್ದು ಕೇಳಿತು. ಮೇಲಿನ ಮನೆ ಅಕ್ಕ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ಕೂತಿದ್ದಳು. ಉಳಿದವರೂ ಇಳಿದರು. ಯಾವಾಗಲೂ ಹಾಡು, ಚೇಷ್ಟೆ ಎಂದು ಗದ್ದಲವಿರುವ ಮುಯ್ಯಾಳು ಆ ದಿನ ಊಟದ ಹೊತ್ತಿನವರೆಗೂ ತುಟಿ ಬಿಚ್ಚಲಿಲ್ಲ. ಕೊಯ್ದದ್ದನ್ನು ರಾಶಿ ಮಾಡದೆ, ಇಳಿಜಾರಿಗೆ ಅಡ್ಡಲಾಗಿ, ನೆಲ ಕಾಣದ ಹಾಗೆ ಹಾಸಿದೆವು.

ಸುದ್ದಿ ನನಗಿಂತ ಮೊದಲೇ ಮನೆ ತಲುಪಿ ಭಾವನ ಕಿವಿಗೆ ಬಿದ್ದಿತ್ತು. ಅವರು ಬೈಯಲಿಲ್ಲ. ತಟ್ಟೆಯ ಮುಂದೆ ಕೂತವರು ಮುದ್ದೆ ಮುರಿಯದೆ ಎದ್ದು ಹೋದರು. ಅನ್ನ ಬಿಟ್ಟು ಏಳುವುದು ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ. ಅಂದಿನಿಂದ ನನ್ನ ಜೊತೆ ಮಾತು ನಿಂತಿತು. ಸೊಪ್ಪು ಒಣಗುತ್ತಿದ್ದ ಹಾಗೆ ಇನ್ನೊಂದು ಕುತ್ತು. ಒಣಗಿದ ಹುರುಳಿ ಸೊಪ್ಪು ಅಂದರೆ ಎತ್ತುಗಳು ಪ್ರಾಣ ಬಿಡುತ್ತವೆ. ಮೇವಿಗೆ ಅಂಥ ಬರ ಇರುವಾಗ ಅದು ನೆಲದ ಮೇಲೆ ಬಿದ್ದಿರುವುದನ್ನು ನೋಡಲಾರದೆ ಭಾವ ಒಂದು ಬೆಳಿಗ್ಗೆ ಗಾಡಿ ಹೂಡಿಕೊಂಡು ಹೊಲಕ್ಕೆ ಬಂದೇಬಿಟ್ಟರು. ನಾನು ಬೇಲಿಯ ಬಾಯಿಗೆ ಅಡ್ಡ ನಿಂತೆ. ಕರಾರು ಯುಗಾದಿವರೆಗೆ ಅಂದೆ. ಅವರು ನನ್ನ ಮುಖ ನೋಡದೆ ಎತ್ತುಗಳನ್ನು ತಿರುಗಿಸಿಕೊಂಡು ಹೋದರು. ಹೋಗುವಾಗ ಅವರು ಕುಂಟುತ್ತಿದ್ದದ್ದು ಕಂಡು ನನಗೆ ನನ್ನ ಮೇಲೇ ಸಿಟ್ಟು ಬಂತು. ಮುದುಕರಾಗುತ್ತಿರುವ ಮನುಷ್ಯನ ಎದುರು ಇಷ್ಟು ಹಟ ಬೇಕೇ ಎನಿಸಿತು. ಬೇಕು ಅಂತಲೂ ಅನಿಸಿತು. ಎರಡೂ ನಿಜವೇ.

ಬಿಸಿಲು ಏರಿತು. ಗೆದ್ದಲು ಬಂದು ಸೊಪ್ಪನ್ನು ಕೆಳಗಿನಿಂದ ತಿನ್ನತೊಡಗಿತು. ಅಲ್ಲಲ್ಲಿ ನೆಲ ಇಣುಕಿತು. ಅಂಥ ಕಡೆ ಬೇಲಿಯಂಚಿನ ಗೊಬ್ಬರದ ಗಿಡದ ಸೊಪ್ಪು, ಲಂಟಾನ ಕಡಿದು ತಂದು ಮುಚ್ಚಿದೆ. ಅಗೆದು ನೋಡುವುದನ್ನು ಮಾತ್ರ ಬಿಟ್ಟೆ. ಒಳ್ಳೆಯದಿದ್ದರೆ ಹಾಗೇ ಇರಲಿ, ಕೆಟ್ಟದ್ದಿದ್ದರೆ ತಿಳಿಯುವುದು ಬೇಡ ಎಂಬ ಹೇಡಿತನ ಅದು.

ಯುಗಾದಿಯ ದಿನ ಹೊನ್ನಾರು. ಆ ದಿನ ಊರಿನ ಪ್ರತಿ ಹೊಲಕ್ಕೂ ನೇಗಿಲು ತಾಗಲೇಬೇಕು, ಇಲ್ಲದಿದ್ದರೆ ವರ್ಷ ಪೂರ್ತಿ ಆ ನೆಲ ಮುನಿಯುತ್ತದೆ ಎಂದು ನಂಬಿಕೆ. ಹಬ್ಬಕ್ಕೆ ಊರಿಗೆ ಬಂದಿದ್ದ ಯಜಮಾನರು ಎತ್ತುಗಳ ಮೈ ತೊಳೆದರು, ಭಾವ ನೇಗಿಲಿಗೆ ಅರಿಸಿನ ಹಚ್ಚಿದರು. ನನ್ನ ಕಡೆ ಉತ್ತರೆ ಹಾಸಿದ್ದೆಲ್ಲ ಮಣ್ಣಿನಡಿ ಹೋಗಿ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಬೇಡ ಎಂದರೆ ಹಬ್ಬದ ದಿನ ಅಪಶಕುನ. ಬದುವಿನ ಮೇಲೆ ನಿಂತು ನೇಗಿಲನ್ನೇ ನೋಡುತ್ತಿದ್ದೆ. ಭಾವ ತಮ್ಮ ಕಡೆ ಮೂರು ಸುತ್ತು ಉತ್ತು, ನನ್ನ ಕಡೆ ಬಂದು, ಕುರಿ ಹಾಯಲು ಬಿಟ್ಟ ಪಟ್ಟಿಯಲ್ಲಿ ಒಂದೇ ಒಂದು ಸಾಲು ಎಳೆದು ನೇಗಿಲು ಎತ್ತಿದರು. ಒಳಗೆ ಕಾಲಿಡಲಿಲ್ಲ. ಶಾಸ್ತ್ರವೂ ಆಯಿತು, ಕರಾರೂ ಉಳಿಯಿತು.

ಹಬ್ಬದ ಹಿಂದೆಯೇ ಗುಡುಗು ಸಹಿತ ಮಳೆ ಹೊಡೆಯಿತು. ಮಧ್ಯಾಹ್ನದ ಮಳೆ, ಹನಿ ಒಂದೊಂದೂ ಕಲ್ಲಿನ ಹಾಗೆ. ಗೋಣಿಕೊಪ್ಪೆ ಹಾಕಿಕೊಂಡು ಹೊಲಕ್ಕೆ ಓಡಿದೆ. ಭಾವನ ಕಡೆ ಮೊದಲರ್ಧ ಮಳೆಯನ್ನು ಉತ್ತ ಮಣ್ಣು ಚೆನ್ನಾಗಿಯೇ ಕುಡಿಯಿತು. ಆಮೇಲೆ ಹೆಂಟೆಗಳು ಕರಗಿ, ಮೇಲೆ ನುಣುಪಾಗಿ ಹೆಪ್ಪುಗಟ್ಟಿ, ನೀರು ಜಾರತೊಡಗಿತು. ಕೆಂಪಗೆ, ದಪ್ಪಗೆ, ಮಣ್ಣನ್ನೂ ಕುರಿಗೊಬ್ಬರವನ್ನೂ ಹೊತ್ತು ರಸ್ತೆಗೆ ಹರಿಯಿತು. ನನ್ನ ಕಡೆ ಸೊಪ್ಪಿನಡಿಯಿಂದ ಬಂದ ನೀರು ಸಣ್ಣದು, ಹೆಚ್ಚುಕಡಿಮೆ ತಿಳಿ. ಉಳಿದದ್ದು ನೆಲದೊಳಕ್ಕೇ ಇಳಿದಿರಬೇಕು.

ಬಿಸಿಲು ಕಾದು ಒಂದು ವಾರ ಕಳೆದ ಮೇಲೆ ಭಾವ ಶುಂಠಿ ಗುತ್ತಿಗೆದಾರರನ್ನು ಕರೆದುಕೊಂಡು ಹೊಲಕ್ಕೆ ಬಂದರು. ಯಜಮಾನರು ಉಳಿದ ಕೆಲಸಕ್ಕೆ ತೋಟಕ್ಕೆ ಮರಳಿದ್ದರು, ನಾನೊಬ್ಬಳೇ. ಮೊದಲು ಭಾವನ ಕಡೆ ಅಗೆದರು. ಮೇಲೆ ಗಟ್ಟಿ, ಗೇಣು ಆಳದಲ್ಲಿ ಉಂಡೆ ಕಟ್ಟಿತು, ಒತ್ತಿದರೆ ಉದುರಿತು, ಶಿವರಾತ್ರಿ ಹೊತ್ತಿಗೆ ಹಸಿಯಿದ್ದ ತಳ ಬೇಸಿಗೆಗೆ ಆರಿ ಒಣಗಿತ್ತು. ಗುತ್ತಿಗೆದಾರರು ತಲೆಯಾಡಿಸಿ, ಪರವಾಗಿಲ್ಲ, ಪೈಪು ಹಾಕಿದರೆ ಆಗುತ್ತದೆ ಎಂದರು. ಬದು ದಾಟಿ ನನ್ನ ಕಡೆ ಬಂದು ಸೊಪ್ಪು ಸರಿಸಿ ಅವರೇ ಹಾರೆ ಎತ್ತಿ ಹಾಕಿದರು. ಹಾರೆ ಬೆಣ್ಣೆಗೆ ಹಾಕಿದ ಹಾಗೆ ಇಳಿಯಿತು. ಭಾವ ಮಂಡಿ ಹಿಡಿದುಕೊಂಡು ಕೂತು ಗುಂಡಿಯೊಳಗೆ ಮೊಳಕೈವರೆಗೆ ಕೈ ಹಾಕಿ ತಳದ ಮಣ್ಣು ತೆಗೆದು ಹಿಡಿದರು. ಉಂಡೆ ನಿಂತಿತು. ಹೆಬ್ಬೆರಳಿನಿಂದ ಒತ್ತಿದರು. ತಗ್ಗಿತು, ಒಡೆಯಲಿಲ್ಲ.

ಗೆದ್ದೆ ಅಂದುಕೊಂಡೆ. ಆ ಖುಷಿ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತೂ ಬಾಳಲಿಲ್ಲ. ಗುತ್ತಿಗೆದಾರರು ಅದೇ ಮಣ್ಣನ್ನು ಕೈಗೆ ತೆಗೆದುಕೊಂಡು ಮೂಸಿದರು. ಅವರ ಮುಖ ಅರಳಿತು.

“ನಲ್ಲ ಮಣ್ಣು ಅಣ್ಣಾ, ಒಳ್ಳೇ ಮಣ್ಣು. ಇಂಥಾದ್ದು ಈ ಸೈಡಲ್ಲಿ ನಾನು ನೋಡಿಲ್ಲ. ನಾನು ಹೇಳಿದ್ದಕ್ಕಿಂತ ಮೇಲೆ ಕೊಡ್ತೇನೆ. ಆದ್ರೆ ಎರಡೂ ಸೇರಿ ಬೇಕು. ಆ ಕಡೆದು ಮಾತ್ರ ಆದ್ರೆ ನನಗೆ ಬೇಡ.”

ನವಿಲಿನಿಂದ, ಕುರಿಯಿಂದ, ಎತ್ತಿನ ಬಾಯಿಯಿಂದ ಕಾಯ್ದು, ಹೂವಿನಲ್ಲಿ ಕೊಯ್ದು, ಭಾವನ ಮಾತು ಕಳೆದುಕೊಂಡು ಉಳಿಸಿದ ತೇವ ಇದು. ಅದೇ ಈಗ ಹೊಲದ ಬೆಲೆ ಏರಿಸಿ ಕೂತಿತ್ತು. ಒಣಗಿದ್ದರೂ ಹೋಗುತ್ತಿತ್ತು, ಹಸಿಯಾಗಿದ್ದಕ್ಕೆ ಇನ್ನೂ ಬೇಗ ಹೋಗುತ್ತದೆ. ಕರಾರು ನೆನಪಿಸಬೇಕು ಎಂದುಕೊಂಡೆ. ಜಗಳಗಂಟಿ ಎಂದು ಊರಲ್ಲಿ ಹೆಸರಾದವಳಿಗೆ ಬೇಕಾದ ಹೊತ್ತಿಗೆ ಒಂದು ಮಾತು ಬರಲಿಲ್ಲ.

ಭಾವ ಕೂತಲ್ಲಿಂದ ಏಳಲಿಲ್ಲ. ಉಂಡೆಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು.

“ಈ ಸೊಪ್ಪೆಲ್ಲಾ ಏನ್ ಮಾಡ್ತೀರಿ ನೀವು?” ಅಂತ ಗುತ್ತಿಗೆದಾರರನ್ನು ಕೇಳಿದರು.

ಅದನ್ನೆಲ್ಲ ತೆಗೆದು ಹಾಕಿ, ಜೆಸಿಬಿ ಬಿಟ್ಟು ಅಗೆಸಿ, ಏರಿ ಕಟ್ಟಿಸುವುದು ಎಂದು ಅವರು ಇದ್ದದ್ದು ಇದ್ದ ಹಾಗೆ ಹೇಳಿದರು. ಸುಳ್ಳು ಹೇಳುವ ಜನ ಅಲ್ಲ ಅವರು. ಭಾವ ಹೂಂ ಅಂದರು. ಉಂಡೆಯನ್ನು ಗುಂಡಿಯ ಅಂಚಿನಲ್ಲಿ ಒಡೆಯದ ಹಾಗೆ ಇಟ್ಟರು.

“ನಂಗೆ ಕೊಡಕ್ಕೆ ಮನ್ಸೈತೆ. ಆಗಲ್ಲ ನನ್ ಕೈಲಿ ಇನ್ನು,” ಅಂದರು. “ಆದ್ರೆ ಇದು ನಾನ್ ಮಾಡುದ್ ನೆಲ ಅಲ್ಲ. ಅವ್ಳ್ನ ಕೇಳಿ.”

ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ಈ ಹೊಲದ ವಿಷಯಕ್ಕೆ ಯಾರೂ ನನ್ನ ಕಡೆ ಬೆರಳು ತೋರಿಸಿರಲಿಲ್ಲ. ಗುತ್ತಿಗೆದಾರರು ನನ್ನ ಕಡೆ ತಿರುಗಿದರು. ಏನು ಚೇಚಿ, ಏನಕ್ಕಾ ಅಂದರು. ನಾನು ಅವರನ್ನು ನೋಡಲಿಲ್ಲ, ಭಾವನ ಮಂಡಿ ನೋಡುತ್ತಿದ್ದೆ. ನಾನು ಇಲ್ಲ ಅಂದರೆ ಇವರ ವಿಶ್ರಾಂತಿಯೂ ಇಲ್ಲ ಎಂದಾಗುತ್ತದೆ. ಹೂಂ ಅಂದರೆ ಈ ಮಣ್ಣು ಮತ್ತೆ ಸಿಗುವುದಿಲ್ಲ. ಇಷ್ಟು ದಿನ ನನ್ನನ್ನೂ ಕೇಳಬೇಕು, ಕೇಳಬೇಕು ಎಂದು ಹೊಡೆದಾಡಿದವಳಿಗೆ, ಕೇಳಿದ ಮೇಲೆ ಗೊತ್ತಾಯಿತು ಅದರ ಭಾರ.

“ಕೊಡಲ್ಲ,” ಅಂದೆ. “ರಾಗಿ ಹಾಕ್ತೀವಿ.”

ಈ ಸೊಪ್ಪಿನಲ್ಲಿ ಬಿತ್ತುವ ಕೂರಿಗೆ ಓಡುವುದಿಲ್ಲವಲ್ಲ ಎಂದು ಅವರು ನಿಜವಾದ ಕಾಳಜಿಯಿಂದಲೇ ಕೇಳಿದರು. ಒಟ್ಲು ಪಾತಿಯಲ್ಲಿ ಪೈರು ಬೆಳೆಸಿ, ಸೊಪ್ಪು ಸರಿಸಿ ಒಂದೊಂದೇ ನೆಡುತ್ತೇವೆ ಎಂದೆ. ಎರಡೆಕರೆಗೂ ಯಾರು ನೆಡುವವರು ಎಂದರು.

“ನಾನೇ,” ಅಂದೆ. “ಬಾವ, ಆಚೆ ಕಡೇದೂ ನಾನೇ ಮಾಡ್ತೀನಿ. ನೀವು ಬದುವಿನ ಮೇಲೆ ಕೂತಿರಿ ಸಾಕು.”

ಹೇಳಿಬಿಟ್ಟ ಮೇಲೆ ಹೆದರಿಕೆಯಾಯಿತು. ಈಗಲೂ ಇದೆ. ಭಾವ ಕೈ ಚಾಚಿದರು. ನನ್ನ ಕೈ ಹಿಡಿದು ಎದ್ದರು. ಮುಂಚೆ ಹಾಗೆ ಹಿಡಿದವರಲ್ಲ. ಗುತ್ತಿಗೆದಾರರಿಗೆ ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗಿ ಎಂದು ಹೇಳಿ, ಇಬ್ಬರೂ ಬದುವಿನ ಮೇಲೆ ನಿಧಾನಕ್ಕೆ ನಡೆದರು. ನಾನು ಹಿಂದೆಯೇ ಹೊರಟವಳು ತಿರುಗಿ ಬಂದೆ. ಗುಂಡಿ ಹಾಗೇ ಬಾಯಿ ತೆರೆದುಕೊಂಡಿತ್ತು, ಬಿಸಿಲು ನೇರ ಒಳಕ್ಕೆ ಬೀಳುತ್ತಿತ್ತು. ಕೂತು ಮಣ್ಣು ತುಂಬಿದೆ, ಅಂಗೈಯಲ್ಲಿ ತಟ್ಟಿದೆ, ಪಕ್ಕದ ಸೊಪ್ಪನ್ನು ಎಳೆದು ಮೇಲೆ ಹೊದಿಸಿದೆ.